ಬಾಯಿಲ್ಲದ ಬೆಕ್ಕಿನ ನೋವನ್ನು ತಿಳಿಯುವುದು ಹೇಗೆ?

ನಮ್ಮ ವಾಚನಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟಿನ ಮೇಲೆ ಮಲಗುವ ಬೂದು ಬೆಕ್ಕನ್ನು ವಾಚಕ ಬಂಧುಗಳೆಲ್ಲರೂ ಬಲ್ಲರು. ಕಳೆದ ತಿಂಗಳು ಅದಕ್ಕೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ ತಂದೆವು. ಸಂಜೆ ಅದು ಮೂಲೆಯಲ್ಲಿ ಸದ್ದಿಲ್ಲದೆ ಮುದುಡಿ ಕುಳಿತುದನ್ನು ಕಂಡು, ನೋವಿಲ್ಲವೆಂದು ನಿಶ್ಚಿಂತರಾದೆವು. ಮರುದಿನ ಅದು ಅನ್ನವನ್ನು ಮುಟ್ಟದಿದ್ದಾಗ ನಮ್ಮಲ್ಲೊಬ್ಬರು ಜೇಬಿನಿಂದ ಪ್ಯಾರಾಸಿಟಮಾಲ್ ಮಾತ್ರೆ ತೆಗೆದು ಮುರಿದರು. ಅಷ್ಟರಲ್ಲಿ ಫೋನಿನಲ್ಲಿ ಸಿಕ್ಕ ಪಶುವೈದ್ಯರು, "ಮೊದಲು ಆ ಮಾತ್ರೆ ಕೆಳಗಿಡಿ, ಬೆಕ್ಕನ್ನು ಕರೆತನ್ನಿ" ಎಂದರು. ಒಂದೇ ದಿನದಲ್ಲಿ ನಾವು ಎರಡು ತಪ್ಪು ಮಾಡಿದ್ದೆವು. ಇತರರು ಅವನ್ನು ಮಾಡದಿರಲೆಂದು ಈ ಲೇಖನ.

ನಾಯಿ ನೊಂದರೆ ಕುಂಯ್‌ಗುಟ್ಟೀತು. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಮೌನವೆಂದರೆ ಸುಖವಲ್ಲ. ಗುರುಗುಟ್ಟುವುದೂ ಸುಖದ ಗುರುತೇ ಆಗಬೇಕಾಗಿಲ್ಲ. ನೋವಿನಲ್ಲಿಯೂ ಬೆಕ್ಕು ಗುರುಗುಟ್ಟುವುದುಂಟು. ಆದುದರಿಂದ ವಿದ್ವಾಂಸರು ಅದರ ಭಂಗಿಯನ್ನೂ ಮುಖವನ್ನೂ ನೋಡಿ ನೋವನ್ನು ಅಳೆಯುವ ಕ್ರಮಗಳನ್ನು ಕಂಡುಹಿಡಿದರು. ಬ್ರೆಜಿಲ್ ದೇಶದ ಬೊಟುಕಾಟುವಿನಲ್ಲಿ ಸಿದ್ಧವಾದ ಅಳತೆಪಟ್ಟಿಯ ಇಂಗ್ಲಿಷ್ ರೂಪ 2013ರಲ್ಲಿ ಪ್ರಕಟವಾಯಿತು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಕೇವಲ ಮುಖವನ್ನು ನೋಡಿ ಅಂಕ ಕೊಡುವ ಸುಲಭ ಕ್ರಮವನ್ನು ಪ್ರಕಟಿಸಿದರು. ಇದು ನಮ್ಮಂಥ ಗುಮಾಸ್ತರಿಗೂ ಸಾಧ್ಯವಾದ ಲೆಕ್ಕ.

ನೋಡತಕ್ಕ ಅಂಶಗಳು ಐದು. ಪ್ರತಿಯೊಂದಕ್ಕೂ ಚಿಹ್ನೆ ಇಲ್ಲದಿದ್ದರೆ 0, ಅಲ್ಪವಾಗಿದ್ದರೆ 1, ಸ್ಪಷ್ಟವಾಗಿದ್ದರೆ 2 ಅಂಕ.

1. ಕಿವಿ: ಮುಂದಕ್ಕೆ ನೆಟ್ಟಗಿರದೆ, ಚಪ್ಪಟೆಯಾಗಿ ಹೊರಕ್ಕೆ ತಿರುಗಿರುವುದು.
2. ಕಣ್ಣು: ಕಿರಿದಾಗಿ ಮುಚ್ಚಿಕೊಂಡಿರುವುದು.
3. ಮೂತಿ: ದುಂಡಗೆ ಸಡಿಲವಾಗಿರದೆ, ಬಿಗಿದುಕೊಂಡಿರುವುದು.
4. ಮೀಸೆ: ಬಾಗಿರದೆ, ನೆಟ್ಟಗಾಗಿ ಮುಂದಕ್ಕೆ ಚಾಚಿರುವುದು.
5. ತಲೆ: ಹೆಗಲಿನ ಮಟ್ಟಕ್ಕಿಂತ ಕೆಳಗೆ ಜೋತಿರುವುದು.

ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವಿನ ಔಷಧಿ ಬೇಕಾಗಬಹುದೆಂದು ತಿಳಿದು ವೈದ್ಯರಿಗೆ ತಿಳಿಸಬೇಕು. ಬೆಕ್ಕು ನಿದ್ದೆಮಾಡುವಾಗ, ತಿನ್ನುವಾಗ, ಮೈ ನೆಕ್ಕಿಕೊಳ್ಳುವಾಗ, ಕೂಗುವಾಗ ಅಂಕ ಹಾಕಬಾರದು. ದೂರದಿಂದ ಅರ್ಧ ನಿಮಿಷ ಸುಮ್ಮನೆ ನೋಡಿದರೆ ಸಾಕು. ಅರಿವಳಿಕೆಯ ಮಂಪರು ಇಳಿಯುವ ಮುನ್ನ ಮಾಡಿದ ಲೆಕ್ಕವನ್ನು ನಂಬಲಾಗದು. ಇದರೊಡನೆ ಬೆನ್ನು ಗೂನಾಗಿಸಿ ಕೂರುವುದು, ಆಹಾರ ಬಿಡುವುದು, ಹೊಲಿಗೆಯನ್ನೇ ನೆಕ್ಕುವುದು, ಗಾಯದ ಬಳಿ ಕೈ ಹೋದರೆ ಸಿಡುಕುವುದು ಇವನ್ನೂ ಗಮನಿಸಬೇಕು.

ಇನ್ನು ಮಾತ್ರೆಯ ವಿಷಯ. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ರಕ್ತವು ಪ್ರಾಣವಾಯುವನ್ನು ಒಯ್ಯಲಾರದಂತಾಗಿ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದಗಳು ಊದುತ್ತವೆ; ಒಂದೇ ಮಾತ್ರೆಯಿಂದ ಪ್ರಾಣ ಹೋಗಬಹುದು. ಮನುಷ್ಯರ ಯಾವ ನೋವಿನ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಕೊಡಲೇಬಾರದು. ಕಾಚಿಗೂಡದ ನೆರೆಯ ನಾರಾಯಣಗುಡದಲ್ಲಿಯೇ ಸರ್ಕಾರಿ ಪಶು ಆಸ್ಪತ್ರೆ ಉಂಟು.

ನಮ್ಮ ಬೆಕ್ಕಿಗೆ ಅಂದು ಬಂದ ಅಂಕ 6. ವೈದ್ಯರು ಬೆಕ್ಕಿಗೆ ತಕ್ಕ ಔಷಧಿ ಕೊಟ್ಟ ಮೇಲೆ ಸಂಜೆಗೆ 2ಕ್ಕೆ ಇಳಿಯಿತು. ರಾತ್ರಿ ಅನ್ನ ತಿಂದಿತು. ದಿನವೂ ಬೆಳಿಗ್ಗೆ, ಸಂಜೆ ಅಂಕ ಬರೆದ ಆ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಿದ್ದೇವೆ. ಮನೆಯಲ್ಲಿ ಬೆಕ್ಕು ಸಾಕಿದವರು ಬಂದು ನೋಡಿ, ಐದು ಅಂಶಗಳನ್ನು ಬರೆದುಕೊಂಡು ಹೋಗಬೇಕಾಗಿ ವಿನಂತಿ.