ರೇಷ್ಮೆ ಪ್ಯೂಪಾ: ಮೀನಿಗೂ ಕೋಳಿಗೂ ಒಳ್ಳೆಯ ಮೇವು



ಮೀನು ಸಾಕಲಿ, ಕೋಳಿ ಸಾಕಲಿ, ಖರ್ಚಿನ ಬಹುಪಾಲು ಆಹಾರಕ್ಕೇ ಹೋಗುತ್ತದೆ. ಅದರಲ್ಲೂ ಸಸಾರಜನಕ ಒದಗಿಸುವ ಹಿಂಡಿ ಮತ್ತು ಒಣಮೀನಿನ ಪುಡಿ ದುಬಾರಿ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ಸುತ್ತಮುತ್ತಲಿನವರಿಗೆ ಇದಕ್ಕೊಂದು ಬದಲಿ ಹತ್ತಿರದಲ್ಲೇ ಇದೆ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳು, ಅಂದರೆ ಪ್ಯೂಪಾ.

ಒಣಗಿಸಿದ ಪ್ಯೂಪಾದಲ್ಲಿ ಶೇಕಡ 50ರಿಂದ 60ರಷ್ಟು ಸಸಾರಜನಕವಿದೆ. ಕಡಲೆಕಾಯಿ ಹಿಂಡಿಗಿಂತ ಇದು ಹೆಚ್ಚು. ಆದರೆ ಕಾಲು ಭಾಗದಷ್ಟು ಕೊಬ್ಬೂ ಇರುವುದರಿಂದ ಪ್ಯೂಪಾ ಬೇಗ ಕಮಟಾಗುತ್ತದೆ. ಕೆಟ್ಟ ಪ್ಯೂಪಾ ಹಾಕಿದರೆ ಲಾಭವಿರಲಿ, ಸಾಕಿದ ಜೀವಕ್ಕೇ ಅಪಾಯ.

ಒಣಗಿಸುವ ಕ್ರಮ: ನೂಲು ತೆಗೆದ ದಿನವೇ ಹಸಿ ಪ್ಯೂಪಾ ತನ್ನಿ. ಅಂಟಿದ ನೂಲಿನ ಎಳೆಗಳನ್ನು ತೆಗೆದು, ತೊಳೆದು, ಕಣದಲ್ಲಿ ತೆಳ್ಳಗೆ ಹರಡಿ. ಕೈಯಲ್ಲಿ ಮುರಿದರೆ ಪಟಕ್ಕನೆ ಮುರಿಯುವವರೆಗೆ ಬಿಸಿಲಿನಲ್ಲಿ ಒಣಗಿಸಿ. ನಾಲ್ಕು ಕಿಲೋ ಹಸಿ ಪ್ಯೂಪಾ ಸುಮಾರು ಒಂದು ಕಿಲೋ ಒಣ ಪ್ಯೂಪಾ ಆಗುತ್ತದೆ. ಮೋಡ ಕವಿದ ದಿನಗಳಲ್ಲಿ ತರಬೇಡಿ; ಕೊಳೆತು ಹೋಗುತ್ತದೆ. ಒಣಗಿದ್ದನ್ನು ಬೇಕಾದಷ್ಟೇ ಪುಡಿ ಮಾಡಿ, ಒಂದೆರಡು ವಾರದಲ್ಲಿ ಮುಗಿಸಿ. ಎಣ್ಣೆ ತೆಗೆದ ಪ್ಯೂಪಾ ಸಿಕ್ಕರೆ ಇನ್ನೂ ಉತ್ತಮ. ಅದು ಹೆಚ್ಚು ದಿನ ಕೆಡದೆ ಉಳಿಯುತ್ತದೆ.

ಮೀನಿಗೆ: ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕಿದವರು ಅಕ್ಕಿ ತೌಡು ಮತ್ತು ಹಿಂಡಿ ಹಾಕುವುದು ವಾಡಿಕೆ. ಅದರಲ್ಲಿ ಹಿಂಡಿಯ ಅರ್ಧದಷ್ಟನ್ನು ಪ್ಯೂಪಾ ಪುಡಿಗೆ ಬದಲಿಸಿ. ದಿನಕ್ಕೆ ಮೀನಿನ ಒಟ್ಟು ತೂಕದ ಶೇಕಡ 2ರಷ್ಟು ಆಹಾರ ಸಾಕು. ಕಾಲು ಕಿಲೋ ತೂಗುವ ಸಾವಿರ ಮೀನಿದ್ದರೆ 5 ಕಿಲೋ. ತೂತು ಮಾಡಿದ ಚೀಲದಲ್ಲಿ ತುಂಬಿ ನೀರಿನಲ್ಲಿ ಇಳಿಬಿಟ್ಟರೆ ವ್ಯರ್ಥವಾಗದು. ಮರುದಿನ ಚೀಲದಲ್ಲಿ ಮೇವು ಉಳಿದಿದ್ದರೆ ಪ್ರಮಾಣ ತಗ್ಗಿಸಿ. ಉಳಿದದ್ದು ನೀರನ್ನು ಕೆಡಿಸುತ್ತದೆ.

ಕೋಳಿಗೆ: ಒಟ್ಟು ಆಹಾರದಲ್ಲಿ ಶೇಕಡ 5ನ್ನು ಮೀರಬೇಡಿ. ಹತ್ತು ಹೇಂಟೆಗಳಿಗೆ ದಿನಕ್ಕೆ 50 ಗ್ರಾಂ ಸಾಕು. ಹೆಚ್ಚಾದರೆ ಮೊಟ್ಟೆಗೂ ಮಾಂಸಕ್ಕೂ ವಾಸನೆ ಹತ್ತುತ್ತದೆ, ಕೊಳ್ಳುವವರು ಹಿಂದಿರುಗಿಸುತ್ತಾರೆ. ಮಾಂಸಕ್ಕೆ ಮಾರುವ ಕೋಳಿಗೆ ಎರಡು ವಾರ ಮೊದಲೇ ಪ್ಯೂಪಾ ನಿಲ್ಲಿಸಿ. ಹಸು, ಎಮ್ಮೆ, ಕುರಿ, ಮೇಕೆಗಳಿಗೆ ಇದನ್ನು ಹಾಕಬೇಡಿ.

ಮೊದಲು ಹತ್ತು ಕಿಲೋ ತಂದು ನೋಡಿ. ಕಮಟು ವಾಸನೆ ಬಂದರೆ ಬೆಲೆ ನೋಡಿ ಮರುಗದೆ ತಿಪ್ಪೆಗೆ ಸೇರಿಸಿ ಗೊಬ್ಬರ ಮಾಡಿ. ಸಂದೇಹವಿದ್ದರೆ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಾಗಲಿ, ಪಶು ಆಸ್ಪತ್ರೆಯಲ್ಲಾಗಲಿ ವಿಚಾರಿಸಿ.