ಅಳದ ಕೂಸಿನ ನೋವು

ಆಗತಾನೆ ಹುಟ್ಟಿದ ಕೂಸಿಗೂ ನೋವಾಗುತ್ತದೆ ಎಂದು ವೈದ್ಯಲೋಕ ಮನಸಾರೆ ಒಪ್ಪಿದ್ದು 1980ರ ದಶಕದ ಕೊನೆಯಲ್ಲಿ. ಶಿಶುವಿನ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ನೋವಿನ ಸಂದೇಶ ಮಿದುಳನ್ನು ಸರಿಯಾಗಿ ತಲುಪದು ಎಂಬ ವಾದ ಅಲ್ಲಿಯವರೆಗೂ ನಡೆದಿತ್ತು. ಈ ವಾದದ ಬುಡವೇ ಟೊಳ್ಳು. ದೊಡ್ಡವರಲ್ಲೂ ನೋವನ್ನು ಒಯ್ಯುವ ತಂತುಗಳಲ್ಲಿ ಹೆಚ್ಚಿನವಕ್ಕೆ ಈ ಹೊದಿಕೆ ಇರುವುದಿಲ್ಲ. ಹೊದಿಕೆ ಇಲ್ಲದಿದ್ದರೆ ಸಂದೇಶ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಪುಟ್ಟ ಮೈಯಲ್ಲಿ ಅದು ಸಾಗಬೇಕಾದ ದೂರವೂ ಕಡಿಮೆ. ಆದರೂ, ಅರಿವಳಿಕೆಯಿಂದ ಮಗುವಿನ ಜೀವಕ್ಕೇ ಅಪಾಯ ಎಂಬ ಹೆದರಿಕೆಯೂ ಸೇರಿ, ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ಮತ್ತು ಅತ್ಯಲ್ಪ ಅರಿವಳಿಕೆಯಲ್ಲೇ ಎಷ್ಟೋ ಎಳೆಗೂಸುಗಳ ಶಸ್ತ್ರಚಿಕಿತ್ಸೆ ಮುಗಿಯುತ್ತಿತ್ತು.

ಇಂದೂರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹೃದಯದ ಬಳಿಯ ರಕ್ತನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಬಂದ, ದಿನ ತುಂಬದ ಶಿಶುಗಳಲ್ಲಿ ಕೆಲವಕ್ಕೆ ಅವರು ರೂಢಿಯ ಔಷಧಗಳ ಜೊತೆಗೆ ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕವನ್ನೂ ಕೊಟ್ಟರು. ಅದು ಸಿಗದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಏರಿದವು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಅವುಗಳಲ್ಲೇ ಹೆಚ್ಚಾದವು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೂ ಅರಿವಳಿಕೆ ಬೇಕೆಂದು ಹೇಳಿಕೆ ಹೊರಡಿಸಿತು. ನೋವನ್ನು ತಗ್ಗಿಸಲು ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗಗಳು ಶಿಶುವಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಹೀಗಾಗಿ ಕೂಸಿಗೆ ನೋವು ದೊಡ್ಡವರಿಗಿಂತ ಹೆಚ್ಚೇ ಆಗುತ್ತಿರಬಹುದು.

ಇಂದು ನವಜಾತ ಶಿಶು ಘಟಕದಲ್ಲಿ ಯಾವ ನರ್ಸನ್ನು ಕೇಳಿದರೂ ಕೂಸಿಗೆ ನೋವಾಗುತ್ತದೆ ಎಂದೇ ಹೇಳುತ್ತಾರೆ. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಪ್ಯಾರಿಸ್ ಪ್ರದೇಶದ ತೀವ್ರ ನಿಗಾ ಘಟಕಗಳ 430 ಶಿಶುಗಳನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿನ ಒಂದು ಶಿಶು ದಿನಕ್ಕೆ ಸರಿಸುಮಾರು 10 ನೋವಿನ ಪ್ರಕ್ರಿಯೆಗಳಿಗೆ ಒಳಗಾಗುತ್ತಿತ್ತು. ಅವುಗಳಲ್ಲಿ ಶೇ. 79ರಷ್ಟು, ನೋವು ತಗ್ಗಿಸುವ ಯಾವ ವಿಶೇಷ ಕ್ರಮವೂ ಇಲ್ಲದೆ ನಡೆದಿದ್ದವು.

ಅಳುವೊಂದನ್ನೇ ನೋವಿನ ಗುರುತೆಂದು ನೋಡುವುದು ಸಾಮಾನ್ಯ ತಪ್ಪು. ತೀರಾ ಬೇಗ ಹುಟ್ಟಿದ ಮಗುವಿಗೆ ಅಳುವ ಶಕ್ತಿಯೇ ಇರದು. ಉಸಿರಿನ ನಳಿಕೆ ಹಾಕಿದ ಮಗುವಿನ ದನಿ ಹೊರಬಾರದು. ಅಂಥಲ್ಲಿ ಹುಬ್ಬು ಉಬ್ಬಿದೆಯೇ, ಕಣ್ಣು ಬಿಗಿದಿದೆಯೇ, ಮೂಗಿನಿಂದ ತುಟಿಯಂಚಿಗೆ ಇಳಿಯುವ ಗೆರೆ ಆಳವಾಗಿದೆಯೇ ಎಂದು ಮುಖವನ್ನು ಓದಬೇಕು. ಇವುಗಳ ಜೊತೆಗೆ ಹೃದಯ ಬಡಿತ, ರಕ್ತದ ಆಮ್ಲಜನಕ, ಎಚ್ಚರದ ಸ್ಥಿತಿ ಮತ್ತು ಎಷ್ಟು ವಾರಕ್ಕೆ ಹುಟ್ಟಿದ್ದು ಎಂಬುದನ್ನು ಸೇರಿಸಿ ಅಂಕ ಕೊಡುವ ಪಿಪ್ ಮಾಪಕ 1996ರಿಂದ ಬಳಕೆಯಲ್ಲಿದೆ. ನಿತ್ರಾಣಗೊಂಡ ಮಗು ಸುಮ್ಮನೆ ಮಲಗಿಬಿಡುವುದೂ ಉಂಟು, ಅದನ್ನು ನೆಮ್ಮದಿ ಎಂದು ತಿಳಿದರೆ ಕೆಟ್ಟಿತು.

ಮಂಪರಿಗೂ ನೋವು ಶಮನಕ್ಕೂ ಇರುವ ವ್ಯತ್ಯಾಸ ಮರೆಯುವುದು ಇನ್ನೊಂದು ತಪ್ಪು. ಮಿಡಜೋಲಮ್ ಮಗುವನ್ನು ಮಲಗಿಸುತ್ತದೆ, ನೋವನ್ನು ಕಳೆಯುವುದಿಲ್ಲ. ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗಿನ ನೋವಿಗೆ ಪ್ಯಾರಾಸಿಟಮಾಲ್‌ನಿಂದ ಪ್ರಯೋಜನವಿಲ್ಲ. ದಿನ ತುಂಬಿದ ಮಗುವಿಗಾದರೆ, ನುರಿತ ಕೈ ರಕ್ತನಾಳದಿಂದಲೇ ರಕ್ತ ತೆಗೆದಾಗ ಆಗುವ ನೋವು ಹಿಮ್ಮಡಿ ಚುಚ್ಚಿದ್ದಕ್ಕಿಂತ ಕಡಿಮೆ.

ಇಂಥ ಸಣ್ಣ ಚುಚ್ಚುಗಳಿಗೆ ಒಳ್ಳೆಯ ಮದ್ದು ತಾಯಿಯೇ. ನಮ್ಮಲ್ಲಿ ಹುಟ್ಟುತ್ತಲೇ ಕೊಡುವ ಬಿಸಿಜಿ, ಹೆಪಟೈಟಿಸ್ ಬಿ, ವಿಟಮಿನ್ ಕೆ ಚುಚ್ಚುಮದ್ದುಗಳಿಗಾಗಿ ಕೂಸನ್ನು ದೂರ ಒಯ್ಯಬೇಕಿಲ್ಲ. ಎದೆಹಾಲು ಕುಡಿಯುತ್ತಿರುವಾಗಲೋ ತಾಯಿಯ ಎದೆಗೆ ಮೈ ತಾಗಿ ಮಲಗಿರುವಾಗಲೋ ಚುಚ್ಚಿದರೆ ಅಳು ಕಡಿಮೆ. ಅದು ಆಗದಿದ್ದಾಗ ಆಸ್ಪತ್ರೆಯಲ್ಲಿ, ಚುಚ್ಚುವುದಕ್ಕೆ 2 ನಿಮಿಷ ಮೊದಲು ಶೇ. 24ರ ಸಕ್ಕರೆ ದ್ರಾವಣದ ಕೆಲವು ಹನಿ ನಾಲಿಗೆಗೆ ಬಿಡುವ ಕ್ರಮವಿದೆ. ಇದು ಮುಖದ ನೋವಿನ ಗುರುತುಗಳನ್ನು ಇಳಿಸುತ್ತದೆಯೇ ಹೊರತು ಮಿದುಳಿನ ಪ್ರತಿಕ್ರಿಯೆಯನ್ನಲ್ಲ ಎಂದು 2010ರಲ್ಲಿ ಲಂಡನ್ನಿನ ಸಂಶೋಧಕರು ಎತ್ತಿದ ತಕರಾರು ಇನ್ನೂ ಇತ್ಯರ್ಥವಾಗಿಲ್ಲ. ಮನೆಯಲ್ಲಿ ಜೇನು ನೆಕ್ಕಿಸುವುದು ಬೇರೆಯೇ ಮಾತು. ಬಾಟ್ಯುಲಿಸಂ ಅಪಾಯವಿರುವುದರಿಂದ ವರ್ಷದೊಳಗಿನ ಮಗುವಿಗೆ ಅದು ಕೂಡದು.

ಶಸ್ತ್ರಚಿಕಿತ್ಸೆಯಂಥ ದೊಡ್ಡ ನೋವಿಗೆ ಮಾರ್ಫಿನ್, ಫೆಂಟನಿಲ್ ಬೇಕೇ ಬೇಕು. ಇವು ಉಸಿರಾಟವನ್ನೂ ರಕ್ತದೊತ್ತಡವನ್ನೂ ತಗ್ಗಿಸಬಲ್ಲವಾದ್ದರಿಂದ ವೆಂಟಿಲೇಟರಿನಲ್ಲಿರುವ ಪ್ರತಿ ಶಿಶುವಿಗೂ ರೂಢಿಯಂತೆ ಮಾರ್ಫಿನ್ ಹರಿಸುವುದನ್ನು ಈಗ ಶಿಫಾರಸು ಮಾಡುವುದಿಲ್ಲ. ಮಾಪಕದ ಅಂಕ ನೋಡಿ ಪ್ರಮಾಣ ಗೊತ್ತುಮಾಡುತ್ತಾರೆ. ಕೊಟ್ಟ ಮೇಲೆ ಮತ್ತೆ ಅಳೆದು, ಜ್ವರ ನಾಡಿಗಳ ಪಕ್ಕದಲ್ಲೇ ಆ ಅಂಕವನ್ನೂ ಬರೆದಿಡುತ್ತಾರೆ.