ಬೀದಿಗಳ ಪರಸ್ಪರ ಜೋಡಣೆ ಮತ್ತು ಪಟ್ಟಣದ ಹರಡುವಿಕೆ

ಪಟ್ಟಣದ ಹರಡುವಿಕೆಯನ್ನು ಅದರ ವಿಸ್ತೀರ್ಣದಿಂದ ಮಾತ್ರವಲ್ಲದೆ, ಬೀದಿಗಳು ಒಂದಕ್ಕೊಂದು ಕೂಡುವ ಬಗೆಯಿಂದಲೂ ಅಳೆಯಲಾಗುತ್ತದೆ. ಕ್ರಮವು ಸರಳವಾಗಿದೆ. ನಕ್ಷೆಯಲ್ಲಿ ನಾಲ್ಕು ದಾರಿ ಕೂಡುವ ಚೌಕಕ್ಕೆ 4, ಮೂರು ದಾರಿ ಕೂಡುವಲ್ಲಿ 3, ಮುಂದೆ ದಾರಿಯಿಲ್ಲದ ಬೀದಿಯ ತುದಿಗೆ 1 ಎಂದು ಎಣಿಸಲಾಗುತ್ತದೆ. ಇವುಗಳ ಸರಾಸರಿ ಕಡಿಮೆಯಾದಷ್ಟೂ ಹರಡುವಿಕೆ ಹೆಚ್ಚೆಂದು ಪರಿಗಣಿಸಲಾಗುತ್ತದೆ. ಜಗತ್ತಿನ ಬೀದಿಜಾಲಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, 1975ರಿಂದೀಚೆಗೆ ಅನೇಕ ದೇಶಗಳಲ್ಲಿ ಹೊಸ ಬೀದಿಗಳ ಜೋಡಣೆಯು ಕುಗ್ಗಿರುವುದನ್ನು ತೋರಿಸಿದೆ.

ಶಿಕಾರಿಪುರದ ಬಳಿ ಕುಮುದ್ವತಿ, ಸೊರಬದ ಬಳಿ ದಂಡಾವತಿ ನದಿ ಹರಿಯುತ್ತವೆ. ಹೊಳೆ, ಕೆರೆ, ಗದ್ದೆ ಅಡ್ಡವಿರುವಲ್ಲಿ ಬೀದಿ ನಿಲ್ಲುವುದು ಸಹಜ, ಅದನ್ನು ದೋಷವೆನ್ನಲಾಗದು. ಆದರೆ ಅಕ್ಕಪಕ್ಕದ ಜಮೀನುಗಳಲ್ಲಿ ಪ್ರತ್ಯೇಕ ಬಡಾವಣೆಗಳಾಗಿ ನಡುವೆ ಬೇಲಿಯೇ ಉಳಿದರೆ, ಹಿತ್ತಲ ಆಚೆಗಿನ ಮನೆಗೂ ಮುಖ್ಯರಸ್ತೆಯನ್ನು ಸುತ್ತಿ ಹೋಗಬೇಕಾಗುತ್ತದೆ. ಅಗ್ನಿಶಾಮಕ ವಾಹನಕ್ಕೂ ಅದೇ ಸುತ್ತುದಾರಿ. ಮನೆಗಳು ನಿರ್ಮಾಣವಾದ ಮೇಲೆ ಬೀದಿಗಳನ್ನು ಕೂಡಿಸುವುದು ಬಹುತೇಕ ಅಸಾಧ್ಯ.

ಯೋಜನಾ ಪ್ರದೇಶದಲ್ಲಿ ನಿವೇಶನ ವಿಭಜನೆಗೂ ಖಾಸಗಿ ಬೀದಿಯ ರಚನೆಗೂ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 17ರನ್ವಯ ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆಯತಕ್ಕದ್ದು. ನಿವೇಶನ ಕೊಳ್ಳುವವರು ಅನುಮೋದಿತ ನಕ್ಷೆಯಲ್ಲಿ ತಮ್ಮ ಬೀದಿಯು ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಮೊದಲೇ ಪರಿಶೀಲಿಸಿಕೊಳ್ಳುವುದು ಸೂಕ್ತ.